"ಮುಂಬೈ ತಂದ ರಾಣಿ": ಎಂ.ಎ. ಇತಿಹಾಸ ಬ್ಯಾಚಿನ ಗುಂಪಿನಲ್ಲಿ

ಪ್ರಕಾಶ: [ಫಾರ್ವರ್ಡ್] 👑 ಮುಂಬೈಯನ್ನೇ ವರದಕ್ಷಿಣೆ ತಂದ ರಾಣಿ! 1661ರಲ್ಲಿ ಪೋರ್ಚುಗಲ್ಲಿನ ಕ್ಯಾಥರೀನ್ ಇಂಗ್ಲೆಂಡಿನ ಎರಡನೇ ಚಾರ್ಲ್ಸ್‌ನನ್ನು ಮದುವೆಯಾದಳು. ಅದೇ ದಿನ ಮುಂಬೈ ಇಂಗ್ಲಿಷರ ಪಾಲಾಯ್ತು. ಅವರಿಗೆ ಚಹಾ ಕಲಿಸಿದವಳೂ ಇವಳೇ! ಹತ್ತು ಜನಕ್ಕೆ ಕಳಿಸಿ 🙏

ಗಿರಿಜಾ: ಕಳಿಸೋ ಮುಂಚೆ ಓದಿದ್ಯೇನೋ? 1661 ಜೂನ್ 23 ಮದುವೆ ಕರಾರಿಗೆ ಸಹಿ ಬಿದ್ದ ದಿನ. ಆಕೆ ಪೋರ್ಟ್ಸ್‌ಮತ್‌ನಲ್ಲಿ ಇಳಿದದ್ದು 1662ರ ಮೇ ತಿಂಗಳಲ್ಲಿ, ಮದುವೆ 21ಕ್ಕೆ. ಮೊದಲು ಗುಟ್ಟಾಗಿ ಕ್ಯಾಥೊಲಿಕ್ ವಿಧಿ, ಆಮೇಲೆ ಎಲ್ಲರೆದುರು ಆಂಗ್ಲಿಕನ್ ವಿಧಿ, ಅಂದ್ರೆ ಇಂಗ್ಲೆಂಡಿನ ಪ್ರಾಟೆಸ್ಟಂಟ್ ಚರ್ಚಿನದ್ದು.

ಪ್ರಕಾಶ: ಒಂದು ವರ್ಷ ಆಚೀಚೆ, ಅಷ್ಟೇ ತಾನೆ?

ಸುಬ್ರಾಯ: ಅಷ್ಟೇ ಅಲ್ಲ ಮಾರಾಯ. ಮುಂಬೈ ಇಂಗ್ಲಿಷರ ಕೈಗೆ ಬಂದದ್ದು 1665ರ ಫೆಬ್ರವರಿಗೆ. 1662ರಲ್ಲಿ ಅದನ್ನು ವಹಿಸಿಕೊಳ್ಳೋಕೆ ರಾಜ ಕಳಿಸಿದ ಅಬ್ರಹಾಂ ಶಿಪ್‌ಮನ್ ಸುಮಾರು 400 ಸೈನಿಕರನ್ನು ಕಟ್ಟಿಕೊಂಡು ಬಂದ. ಅದೇ ನೌಕಾಪಡೆಯಲ್ಲಿ ಬಂದಿದ್ದ ಗೋವೆಯ ಹೊಸ ಪೋರ್ಚುಗೀಸ್ ಮುಖ್ಯಸ್ಥ ಮೆಲೊ ಇ ಕಾಸ್ಟ್ರೊ ಕಾಗದಪತ್ರದಲ್ಲಿ ತಕರಾರು ತೆಗೆದು ಬಿಟ್ಟುಕೊಡಲೇ ಇಲ್ಲ. ಸೂರತ್‌ನಲ್ಲಿ ಇಳಿಸಿದ್ರೆ ಮೊಗಲರು ಸಿಟ್ಟಾಗ್ತಾರೆ ಅಂತ ಅಲ್ಲಿದ್ದ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯವರೂ ಬೇಡ ಅಂದ್ರು. ಕೊನೆಗೆ ಸಿಕ್ಕಿದ್ದು ನಮ್ಮ ಕಾರವಾರದ ಎದುರಿನ ಅಂಜದೀವ ದ್ವೀಪ. ಮಳೆ, ಜ್ವರ, ಸರಿಯಾಗಿ ಊಟ ಇಲ್ಲ. ಶಿಪ್‌ಮನ್ 1664ರ ಏಪ್ರಿಲ್‌ನಲ್ಲಿ ಅಲ್ಲೇ ಸತ್ತ. ಉಳಿದ ನೂರು ಚಿಲ್ಲರೆ ಜನರ ಜೊತೆ ಹೋಗಿ ಮುಂಬೈ ವಹಿಸಿಕೊಂಡವನು ಅವನ ಕಾರ್ಯದರ್ಶಿ ಹಂಫ್ರಿ ಕುಕ್. ಮುಂಬೈ ಪಕ್ಕದ ಸಾಲ್ಸೆಟ್ ದ್ವೀಪ ಆಗಲೂ ಸಿಗಲಿಲ್ಲ.

ಪ್ರಕಾಶ: ಅಂಜದೀವದ ಕಥೆ ಫಾರ್ವರ್ಡ್‌ನಲ್ಲಿ ಇಲ್ವಲ್ಲೋ! ಚಹಾ ವಿಷಯವಾದ್ರೂ ಸರಿ ತಾನೆ?

ಗಿರಿಜಾ: ಅರ್ಧ. 1658ರಲ್ಲೇ ಲಂಡನ್ ಪತ್ರಿಕೆಯಲ್ಲಿ ಚಹಾದ ಜಾಹೀರಾತು ಬಂದಿತ್ತು. ಲಂಡನ್ನಿನ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ 1660 ಸೆಪ್ಟೆಂಬರ್ 25ರ ದಿನಚರಿಯಲ್ಲಿ ಚಹಾ ತರಿಸಿ ಕುಡಿದೆ ಅಂತ ಬರೆದಿದ್ದಾನೆ. ಆಸ್ಥಾನದ ಹೆಂಗಸರಲ್ಲಿ ಅದಕ್ಕೊಂದು ಗತ್ತು ತಂದವಳು ಕ್ಯಾಥರೀನ್. ಅಷ್ಟಕ್ಕೆ ನಿಲ್ಲಿಸು.

ಮಂಜುಳಾ: ಆಕೆ ಏನು ತಂದಳು ಅನ್ನೋದೇ ಆಯ್ತು ನಿಮ್ಮದು. ಅಲ್ಲಿ 30 ವರ್ಷ ಇದ್ದಳಲ್ಲ? ಕ್ಯಾಥೊಲಿಕ್ ಆದ್ದರಿಂದ ಪಟ್ಟಾಭಿಷೇಕವೇ ಆಗಲಿಲ್ಲ. ಬಂದ ವರ್ಷವೇ ರಾಜ ತನ್ನ ಪ್ರೇಯಸಿ ಬಾರ್ಬರಾಳನ್ನು ಈಕೆಯ ಅಂತಃಪುರದ ಸೇವೆಗೆ ನೇಮಿಸಿದ. ಈಕೆ ಒಪ್ಪಲಿಲ್ಲ. ಜೊತೆಗೆ ಬಂದ ಪೋರ್ಚುಗೀಸರಲ್ಲಿ ಹೆಚ್ಚಿನವರನ್ನು ಆತ ವಾಪಸ್ ಅಟ್ಟಿದ ಮೇಲೆ ಮಣಿಯಲೇಬೇಕಾಯ್ತು. ಮಕ್ಕಳು ಉಳಿಯಲಿಲ್ಲ. 1678ರಲ್ಲಿ, ಕ್ಯಾಥೊಲಿಕರು ಸಂಚು ಹೂಡಿದ್ದಾರೆ ಅಂತ ಸುಳ್ಳು ಕಥೆ ಕಟ್ಟಿದ ಟೈಟಸ್ ಓಟ್ಸ್, ರಾಜನಿಗೆ ವಿಷ ಹಾಕೋ ಸಂಚಿನಲ್ಲಿ ರಾಣಿಯೂ ಇದ್ದಾಳೆ ಅಂದ. ಅವಳ ವೈದ್ಯ ವೇಕ್‌ಮನ್ ಮೇಲೆ ವಿಚಾರಣೆ ನಡೆದು ಮರುವರ್ಷ ಖುಲಾಸೆ ಆಯ್ತು.

ಪ್ರಕಾಶ: ಪಾಪ, ಬಿಟ್ಟು ಹೋಗಬಹುದಿತ್ತು.

ಮಂಜುಳಾ: ಹೇಗೆ ಹೋಗ್ತಾಳೆ? ಸ್ಪೇನ್ ಜೊತೆ ಯುದ್ಧದಲ್ಲಿದ್ದ ತವರಿಗೆ 2,000 ಕಾಲಾಳು, 1,000 ಕುದುರೆ ಸವಾರರನ್ನು ಇಂಗ್ಲೆಂಡ್ ಕೊಡಬೇಕು ಅಂತ ಇದ್ದದ್ದು ಇದೇ ಮದುವೆ ಕರಾರಲ್ಲಿ. ಸ್ಪೇನ್ ಪೋರ್ಚುಗಲ್ಲಿನ ಸ್ವಾತಂತ್ರ್ಯ ಒಪ್ಪಿದ್ದು 1668ಕ್ಕೆ. ಇನ್ನು ಓಟ್ಸ್ ಗಲಾಟೆಯಲ್ಲಿ, ವಿಚ್ಛೇದನ ಕೊಡಿ ಅಂತ ಒತ್ತಾಯ ಬಂದಾಗ ಬಗ್ಗದೆ ನಿಂತವನು ಅದೇ ಚಾರ್ಲ್ಸ್. "ಪಾಪ" ಅಂತ ಮುಗಿಸ್ಬೇಡ.

ಸುಬ್ರಾಯ: ನನ್ನ ಕೇಳಿದ್ರೆ ಚಾರ್ಲ್ಸ್‌ಗೆ ಅಷ್ಟು ಮರ್ಯಾದೆ ಬೇಡ. ವರದಕ್ಷಿಣೆಗೆ ಒಪ್ಪಿದ್ದ 20 ಲಕ್ಷ ಕ್ರುಜಾಡೊದಲ್ಲಿ (ಪೋರ್ಚುಗೀಸ್ ನಾಣ್ಯ) ಅರ್ಧ ಮುಂಗಡ ಬರಬೇಕಿತ್ತು, ಬಂದದ್ದರಲ್ಲಿ ಸಕ್ಕರೆ, ಸಾಂಬಾರ ಪದಾರ್ಥ, ಆಮೇಲೆ ಹಣ ಕೊಡ್ತೀವಿ ಅನ್ನೋ ಹುಂಡಿ ಪತ್ರಗಳೇ ಬಹಳ. ಮುಂಬೈ ಖರ್ಚು ತಡೆಯಲಾಗದೆ 1668ರಲ್ಲಿ ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಕಂಪನಿಗೆ ಕೊಟ್ಟುಬಿಟ್ಟ.

ಮಂಜುಳಾ: ಅದು ಅವನ ಲೆಕ್ಕ. ಆಕೆ 1692ರಲ್ಲಿ ಇಂಗ್ಲೆಂಡ್ ಬಿಟ್ಟಳು. ತಮ್ಮ ಪೆಡ್ರೊಗೆ ಕಾಯಿಲೆಯಾದಾಗ, ಮತ್ತೆ ಸ್ಪೇನ್ ಜೊತೆ ಯುದ್ಧ ನಡೀತಿರುವಾಗಲೇ, 1704-05ರಲ್ಲಿ ಪೋರ್ಚುಗಲ್ಲನ್ನು ರಾಜಪ್ರತಿನಿಧಿಯಾಗಿ ಆಳಿದಳು. ಫಾರ್ವರ್ಡ್ ಬರೆದವರಿಗೆ ಅದು ಕಾಣಲೇ ಇಲ್ಲ ನೋಡು.

ಪ್ರಕಾಶ: ಡಿಲೀಟ್ ಮಾಡೋಣ ಅಂದ್ರೆ ಆಗಲೇ ಸೋದರತ್ತೆ ಗ್ರೂಪಿಗೂ ಹೋಗಿದೆ 😐

ಗಿರಿಜಾ: ಅಲ್ಲಿಗೆ 1665 ಅಂತಾದ್ರೂ ತಿದ್ದಿ ಹಾಕು.