‘ಆಟ್ ಹಿಮ್ ಎ ಥೌಸಂಡ್ ಪೌಂಡ್’: ಇಲ್ಲಿ ‘ಆಟ್’ ಎಂದರೇನು?

ಪ್ರಶ್ನೆ: ಷೇಕ್ಸ್‌ಪಿಯರನ ‘ನಾಲ್ಕನೆಯ ಹೆನ್ರಿ’ ಮೊದಲ ಭಾಗದ ಮೂರನೆಯ ಅಂಕದಲ್ಲಿ ಹೆಂಡದಂಗಡಿಯೊಡತಿ ಫಾಲ್‌ಸ್ಟಾಫನ ಮೇಲೆ ರಾಜಕುಮಾರನಿಗೆ ದೂರು ಹೇಳುತ್ತಾ ‘ಯೂ ಆಟ್ ಹಿಮ್ ಎ ಥೌಸಂಡ್ ಪೌಂಡ್’ ಎನ್ನುತ್ತಾಳೆ. ‘ಆಟ್’ (ought, ಅಂದರೆ ‘ಬೇಕು’) ಆದಮೇಲೆ ‘ಟು’ ಇಲ್ಲ, ಇನ್ನೊಂದು ಕ್ರಿಯಾಪದವೂ ಇಲ್ಲ. ಅಚ್ಚಿನಲ್ಲಿ ಏನಾದರೂ ಬಿಟ್ಟುಹೋಗಿದೆಯೇ? ‘ಒಥೆಲೊ’ದಲ್ಲಿ ಇಯಾಗೊ ಹೇಳುವ ‘ನಿನ್ನೆ ನೀನು ಓ ಮಾಡಿದ್ದ ಸವಿನಿದ್ದೆ’ಯೂ ಅರ್ಥವಾಗಲಿಲ್ಲ. ‘ಓ’ (owe) ಎಂದರೆ ಸಾಲವಿರು ತಾನೆ? ನಿದ್ದೆಯನ್ನು ಯಾರಿಗೆ ಬಾಕಿ ಉಳಿಸಿಕೊಂಡಿದ್ದ?

ಉತ್ತರ: ಏನೂ ಬಿಟ್ಟುಹೋಗಿಲ್ಲ. ‘ಆಟ್’ ಎಂಬುದು ‘ಓ’ ಕ್ರಿಯಾಪದದ ಹಳೆಯ ಭೂತಕಾಲ. ಈಗಿನ ‘ಓಡ್’ ಆಮೇಲೆ ಹುಟ್ಟಿದ್ದು. ಸಾಕ್ಷಿ ಅಲ್ಲೇ ಇದೆ. ಮರುಮಾತಿನಲ್ಲೇ ರಾಜಕುಮಾರ ಫಾಲ್‌ಸ್ಟಾಫನತ್ತ ತಿರುಗಿ ‘ಡು ಐ ಓ ಯೂ ಎ ಥೌಸಂಡ್ ಪೌಂಡ್?’ ಎಂದು ಕೇಳುತ್ತಾನೆ. ಕನ್ನಡಿಸುವಾಗ ‘ಕೊಡಬೇಕಿತ್ತು’ ಎಂದು ಬರೆಯಬೇಡಿ, ‘ಕೊಡಬಹುದಿತ್ತು, ಕೊಡಲಿಲ್ಲ’ ಎಂಬ ಆಕ್ಷೇಪಣೆಯ ದನಿ ಬಂದುಬಿಡುತ್ತದೆ. ‘ನಿಮ್ಮಿಂದ ತನಗೆ ಸಾವಿರ ಪೌಂಡು ಬರಬೇಕಂತೆ’ ಎಂದರೆ ಒಡತಿಯ ಬಾಯಿಗೂ ಹೊಂದುತ್ತದೆ.

ನಿದ್ದೆಯ ವಿಷಯ ಬೇರೆ. ಹಳೆಯ ಇಂಗ್ಲಿಷಿನ ‘ಆಗನ್’ ಎಂದರೆ ಹೊಂದಿರು, ಒಡೆಯನಾಗಿರು ಎಂದಷ್ಟೇ. ಸಾಲದ ಸೋಂಕು ಇಲ್ಲ. ಒಡೆತನ ಹೇಳುವ ಈಗಿನ ‘ಓನ್’ (own) ಕೂಡ ಅದೇ ಬಳ್ಳಿಯದು. ಇಯಾಗೊ ಹೇಳುವುದು ‘ನಿನ್ನೆಯವರೆಗೆ ನಿನ್ನದಾಗಿದ್ದ ಸವಿನಿದ್ದೆ’ ಎಂದು. ಈ ಹಳೆಯ ಅರ್ಥ ಹದಿನೇಳನೆಯ ಶತಮಾನದ ಆಚೆಗೆ ಅಪರೂಪ.

ಒಡೆತನದ ಮಾತು ಸಾಲದ ಮಾತಾದದ್ದು ಹೇಗೆಂದು ಕೇಳಿದರೆ ಕನ್ನಡಿಗರಿಗೆ ಉತ್ತರ ಸುಲಭ. ಲಿಂಡಿಸ್‌ಫಾರ್ನ್ ಸುವಾರ್ತೆಗಳು ಎಂಬ ಇಂಗ್ಲೆಂಡಿನ ಹಳೆಯ ಹಸ್ತಪ್ರತಿಯ ಲ್ಯಾಟಿನ್ ಸಾಲುಗಳ ನಡುವೆ ಹತ್ತನೆಯ ಶತಮಾನದಲ್ಲಿ ಬರೆದ ಇಂಗ್ಲಿಷ್ ಟಿಪ್ಪಣಿಯಲ್ಲಿ ‘ಸಾಲವಿರು’ ಎಂಬುದಕ್ಕೆ ‘ಆಗನ್’ ಜೊತೆ ‘ತೆರಲಿಕ್ಕೆ’ ಎಂಬ ಪದ ಸೇರಿಸಿದ್ದಾರೆ. ‘ಅವನಿಗೆ ನೂರು ರೂಪಾಯಿ ಕೊಡೋದಿದೆ’ ಎನ್ನುತ್ತೇವಲ್ಲ, ಅದೇ ಕಟ್ಟು. ಕಾಲಕ್ರಮದಲ್ಲಿ ‘ತೆರಲಿಕ್ಕೆ’ ಉದುರಿ, ಅದರ ಅರ್ಥವನ್ನು ‘ಓ’ ಒಂದೇ ಹೊತ್ತುಕೊಂಡಿತು.

ಅದಕ್ಕೂ ಮೊದಲು ಸಾಲಕ್ಕೆ ಸಲ್ಲುತ್ತಿದ್ದ ಕ್ರಿಯಾಪದ ‘ಶಲ್’. ಹೌದು, ಭವಿಷ್ಯತ್ಕಾಲಕ್ಕೆ ಶಾಲೆಯಲ್ಲಿ ಕಲಿಸುವ ಅದೇ ‘ಶಲ್’. ಹಳೆಯ ಇಂಗ್ಲಿಷಿನ ಅನುವಾದವಾದ ಪಶ್ಚಿಮ ಸ್ಯಾಕ್ಸನ್ ಸುವಾರ್ತೆಯ ಲೂಕ 16:5ರಲ್ಲಿ ಒಡೆಯನ ಪಾರುಪತ್ಯಗಾರ ಸಾಲಗಾರನನ್ನು ಕೇಳುವ ‘ನನ್ನ ಒಡೆಯನಿಗೆ ನೀನು ಎಷ್ಟು ಕೊಡಬೇಕು?’ ಎಂಬಲ್ಲಿ ಇರುವುದು ಇದರ ರೂಪವೇ. ‘ಕೊಡು’ ಎಂಬ ಬೇರೆ ಪದ ಅಲ್ಲಿಲ್ಲ. ಹದಿನಾಲ್ಕನೆಯ ಶತಮಾನದ ಕವಿ ಚಾಸರ್‌ನಲ್ಲೂ ‘ದೇವರಿಗೆ ನಾನು ಶಲ್ ಮಾಡುವ ನಿಷ್ಠೆಯಾಣೆ’ ಎಂಬ ಧಾಟಿಯ ಆಣೆ ಸಿಗುತ್ತದೆ. ‘ಶುಡ್’ ಇದರ ಭೂತರೂಪ. ಅಂದರೆ ‘ಆಟ್’, ‘ಶುಡ್’ ಎಂಬ ಇಂಗ್ಲಿಷಿನ ಕರ್ತವ್ಯದ ಎರಡು ಸಹಾಯಕ ಕ್ರಿಯಾಪದಗಳೂ ಸಾಲದಿಂದ ಬಂದವು. ಕನ್ನಡದ ದಾರಿ ತದ್ವಿರುದ್ಧ: ಸಾಲಕ್ಕೆಂದೇ ನಮಗೆ ಕ್ರಿಯಾಪದ ಇಲ್ಲ, ‘ಬೇಕು’ ಎಂಬ ಕರ್ತವ್ಯದ ಮಾತನ್ನೇ ಲೆಕ್ಕದ ಪುಸ್ತಕಕ್ಕೂ ಬಳಸುತ್ತೇವೆ.

ಗುರುತಿಸುವ ಬಗೆ: ‘ಓ’ ಅಥವಾ ‘ಆಟ್’ ಕ್ರಿಯಾಪದದ ಮುಂದೆ ಏನಿದೆ ನೋಡಿ. ಹಣವೋ ಪ್ರೀತಿಯೋ ನಿಷ್ಠೆಯೋ ಇದ್ದು, ಯಾರಿಗೆ ಎಂಬುದೂ ಇದ್ದರೆ ಸಾಲ. ವಸ್ತು ಮಾತ್ರ ಇದ್ದು ಯಾರಿಗೆ ಎಂಬುದು ಇಲ್ಲದಿದ್ದರೆ ಮೊದಲು ಒಡೆತನವನ್ನು ಹಚ್ಚಿ ನೋಡಿ. ಮುಂದೆ ಇನ್ನೊಂದು ಕ್ರಿಯೆ ಇದ್ದರೆ ಕರ್ತವ್ಯ. ಚಾಸರ್ ಕಾಲದಲ್ಲಿ ‘ಹಿಮ್ ಆಟೆ’ ಎಂದು ಕರ್ತೃವೇ ಚತುರ್ಥಿಯಲ್ಲಿ ಬರುವುದುಂಟು. ಅದು ‘ಅವನಿಗೆ ತಕ್ಕದ್ದು’ ಎಂಬಂಥ ಪ್ರಯೋಗ, ಸಾಲ ಹುಡುಕಬೇಡಿ.

ಇನ್ನೊಂದು ಕಡೆ ಬಹಳ ಜನ ಎಡವುತ್ತಾರೆ, ‘ಬಾರೊ’ದಲ್ಲಿ (borrow). ಇದರ ಮೂಲ ‘ಬೊರ್ಹ್’ ಎಂದರೆ ಹೊಣೆ, ಹೊಣೆ ನಿಂತವನು. ಒತ್ತೆಯನ್ನೋ ಹೊಣೆಗಾರನನ್ನೋ ಕೊಟ್ಟು ಪಡೆಯುವುದರಿಂದ ಎರವಲು ಪಡೆಯುವ ಅರ್ಥ ಬಂತು. ಚಾಸರ್‌ನ ‘ಸೇಂಟ್ ಜಾನ್ ಟು ಬೊರ್ವೆ’ ಎಂಬಲ್ಲಿ ಸಂತನಿಂದ ಯಾರೂ ಸಾಲ ತರುತ್ತಿಲ್ಲ, ‘ಸಂತ ಜಾನನೇ ಹೊಣೆ’ ಎಂದು ಅರ್ಥ. 1579ರಲ್ಲಿ ಕವಿ ಸ್ಪೆನ್ಸರ್ ಒಬ್ಬ ಕುರುಬನ ಬಾಯಲ್ಲಿ ‘ಬೈ ಮೈ ಡಿಯರ್ ಬಾರೊ’ ಎನ್ನಿಸಿದಾಗ, ಅದು ನಮ್ಮ ಹೊಣೆ ಹೊತ್ತ ರಕ್ಷಕ ಎಂದು ಟಿಪ್ಪಣಿ ಹಾಕಬೇಕಾಯಿತು. ಆ ಹೊತ್ತಿಗೇ ಮಾತು ಹಳತಾಗಿತ್ತು.

ಸಾಲ ಎಂಬರ್ಥದ ‘ಡೆಟ್’ (debt) ಪದದ ನಡುವಿನ ‘ಬಿ’ ಪಂಡಿತರು ಲ್ಯಾಟಿನ್ ನೋಡಿ ತುರುಕಿದ್ದು. ಫ್ರೆಂಚಿನಿಂದ ಬಂದಾಗ ಇರಲಿಲ್ಲ, ಉಚ್ಚಾರಣೆಗೆ ಇಂದಿಗೂ ಬಂದಿಲ್ಲ. ಇನ್ನು ತಪ್ಪು ಎಂಬರ್ಥದ ‘ಗಿಲ್ಟ್’ (guilt) ಪದವನ್ನು ತೆರುವುದು ಎಂಬರ್ಥದ ‘ಗೆಲ್ಡನ್’ಗೆ ಕಟ್ಟುವವರಿದ್ದಾರೆ. ಧ್ವನಿನಿಯಮ ಒಪ್ಪುವುದಿಲ್ಲ. ಆದರೆ ಅರ್ಥದಲ್ಲಿ ಸಾಲ, ತಪ್ಪು ಎರಡೂ ಬೆರೆತದ್ದು ನಿಜ. ಮತ್ತಾಯ 6:12ರಲ್ಲಿ ಲ್ಯಾಟಿನ್ ‘ಸಾಲಗಳು’ ಎನ್ನುವುದನ್ನು ಹಳೆಯ ಇಂಗ್ಲಿಷ್ ‘ಗಿಲ್ಟ್’ ಎಂದಿತು, ವಿಕ್ಲಿಫ್ ಬೈಬಲ್ ‘ಡೆಟ್’ ಎಂದಿತು, 1526ರಲ್ಲಿ ಟಿಂಡೇಲ್ ‘ಟ್ರೆಸ್ಪಾಸ್’ (ಅಪರಾಧ) ಎಂದ, 1611ರ ಅನುವಾದ ಮತ್ತೆ ‘ಡೆಟ್’ಗೆ ಮರಳಿತು.

ಮರುಪ್ರಶ್ನೆ: ‘ಮಾರ್ಟ್‌ಗೇಜ್’ಗೆ ಎಲ್ಲೆಡೆ ‘ಅಡಮಾನ’ ಹಾಕಿದರೆ ಸಾಕೇ?

ಉತ್ತರ: ಹದಿನೈದನೆಯ ಶತಮಾನದ ನಂತರದ ಬರಹಕ್ಕೆ ನಡೆಯುತ್ತದೆ, ಹನ್ನೆರಡನೆಯ ಶತಮಾನದ್ದಕ್ಕೆ ನಡೆಯುವುದಿಲ್ಲ. ಪದದ ಅರ್ಥ ‘ಸತ್ತ ಒತ್ತೆ’. ಸತ್ತದ್ದು ಏನು ಎಂಬುದಕ್ಕೆ ಎರಡು ಕಾಲದ ಎರಡು ಉತ್ತರಗಳಿವೆ. 1180ರ ದಶಕದ ಕೊನೆಯ, ಗ್ಲಾನ್‌ವಿಲ್ ಹೆಸರಿನ ಕಾನೂನು ಗ್ರಂಥದ ಪ್ರಕಾರ, ಜಮೀನು ಸಾಲ ಕೊಟ್ಟವನ ಕೈಯಲ್ಲಿರುತ್ತದೆ, ಫಸಲನ್ನು ಅವನೇ ಉಣ್ಣುತ್ತಾನೆ, ಆದರೆ ಅಸಲಿನಲ್ಲಿ ಒಂದು ಕಾಸೂ ಕಳೆಯುವುದಿಲ್ಲ. ಹಾಗಾಗಿ ಒತ್ತೆ ಸತ್ತದ್ದು. ಫಸಲು ಅಸಲಿಗೆ ಜಮೆಯಾದರೆ ಅದು ಬದುಕಿದ ಒತ್ತೆ. ಸತ್ತ ಒತ್ತೆ ನಮ್ಮ ಭೋಗ್ಯವೇ: ಮನೆಗೆ ಬಾಡಿಗೆ ಇಲ್ಲ, ಹಣಕ್ಕೆ ಬಡ್ಡಿ ಇಲ್ಲ, ಅವಧಿ ತೀರಿದಾಗ ಅಸಲು ಪೂರ್ತಿ ಹಿಂದಿರುಗಬೇಕು. ಗ್ಲಾನ್‌ವಿಲ್ ಅದನ್ನು ಬಡ್ಡಿವ್ಯವಹಾರದ ಸಾಲಿಗೇ ಸೇರಿಸುತ್ತಾನೆ. ಹದಿನೈದನೆಯ ಶತಮಾನದ ಕಾನೂನು ಪಂಡಿತ ಲಿಟಲ್‌ಟನ್ ಬೇರೆ ಹೇಳುತ್ತಾನೆ: ಗಡುವಿಗೆ ತೀರಿಸದಿದ್ದರೆ ಜಮೀನು ಸಾಲಗಾರನ ಪಾಲಿಗೆ ಸತ್ತಿತು, ತೀರಿಸಿದರೆ ಕೊಟ್ಟವನ ಪಾಲಿಗೆ. ಆದ್ದರಿಂದ ಮೊದಲನೆಯದಕ್ಕೆ ‘ಭೋಗ್ಯ’, ಎರಡನೆಯದಕ್ಕೆ ‘ಅಡಮಾನ’.

ಜೊತೆಗೆ ‘ಆಬ್ಲಿಗೇಷನ್’ ಬಗ್ಗೆ ಒಂದು ಎಚ್ಚರಿಕೆ. ಹಳೆಯ ದಸ್ತಾವೇಜಿನಲ್ಲಿ ಅದು ಉಪಕಾರಸ್ಮರಣೆಯಲ್ಲ, ಮೊಹರು ಹಾಕಿದ ಪತ್ರ. ‘200 ಪೌಂಡು ಕೊಡಲು ಬದ್ಧನಾಗಿದ್ದೇನೆ’ ಎಂಬ ಒಕ್ಕಣೆ ಲ್ಯಾಟಿನ್ನಿನಲ್ಲಿ. ‘ಇಂಥ ದಿನದೊಳಗೆ 100 ಪೌಂಡು ಕೊಟ್ಟರೆ ಈ ಪತ್ರ ರದ್ದು’ ಎಂಬ ಷರತ್ತು ಕೆಳಗೆ ಅಥವಾ ಹಿಂಬದಿಯಲ್ಲಿ, ಅನೇಕ ವೇಳೆ ಇಂಗ್ಲಿಷಿನಲ್ಲಿ. ನಿಜವಾದ ಸಾಲ ನೂರೇ, ಉಳಿದದ್ದು ದಂಡದ ಬೆದರಿಕೆ. ಷರತ್ತು ಓದದೆ ಮೊತ್ತ ಎತ್ತಿಕೊಂಡವರು ಸಾಲವನ್ನು ದುಪ್ಪಟ್ಟು ಮಾಡುತ್ತಾರೆ. ಕೆಲವು ಪತ್ರಗಳಲ್ಲಂತೂ ಸಾಲವೇ ಇರುವುದಿಲ್ಲ: ಷೇಕ್ಸ್‌ಪಿಯರನ ಮದುವೆಗಾಗಿ 1582ರ ನವೆಂಬರಿನಲ್ಲಿ ಇಬ್ಬರು 40 ಪೌಂಡಿಗೆ ಬರೆದುಕೊಟ್ಟದ್ದು, ಮದುವೆಗೆ ಕಾನೂನಿನ ಅಡ್ಡಿ ಕಂಡುಬಂದರೆ ತೆರಬೇಕಾದ ಹಣವನ್ನು.