ಕೂರಿಸಿದ ಕೂಡಲೇ ಬಿಪಿ ಕುಸಿತ: ಸ್ಟಿಮ್ಯುಲೇಟರ್ ಹಾಕಿಸಬಹುದೇ?

ಪ್ರಶ್ನೆ (ಡೊಂಬಿವಲಿ): ತಮ್ಮನಿಗೆ ಕತ್ತಿನ ಸಿ6 ಮಟ್ಟದಲ್ಲಿ ಬೆನ್ನುಹುರಿ ಗಾಯ. ಮಲಗಿದಾಗ ಬಿಪಿ 108/66, ವೀಲ್‌ಚೇರ್‌ನಲ್ಲಿ ಕೂರಿಸಿದ 3 ನಿಮಿಷಕ್ಕೆ 76/48, ಕಣ್ಣಿಗೆ ಕತ್ತಲೆ. ಒಳಗೆ ಅಳವಡಿಸುವ ಸ್ಟಿಮ್ಯುಲೇಟರ್ (ಬೆನ್ನುಹುರಿಗೆ ವಿದ್ಯುತ್ ಮಿಡಿತ ಕೊಡುವ ಯಂತ್ರ) ಕೆಲಸ ಮಾಡುತ್ತದೆಯೇ?

ಉತ್ತರ (ಪುಣೆ): ಅಕ್ಕಾ, ತತ್ವ ಗಟ್ಟಿಯಾಗಿಯೇ ಇದೆ. ಮಿದುಳಿನ ಆದೇಶ ಗಾಯ ದಾಟಿ ಇಳಿಯುವುದಿಲ್ಲ, ಹಾಗಾಗಿ ರಕ್ತನಾಳಗಳು ಬಿಗಿಯದೆ ರಕ್ತ ಹೊಟ್ಟೆ, ಕಾಲುಗಳಲ್ಲೇ ನಿಲ್ಲುತ್ತದೆ. ಎದೆಭಾಗದ ಹುರಿಯ ಕೆಳತುದಿಯಲ್ಲಿ, ಪೊರೆಯ ಹೊರಗೆ, ಎಲೆಕ್ಟ್ರೋಡ್ ಪಟ್ಟಿಯಿಟ್ಟು ಮಿಡಿತ ಕೊಟ್ಟರೆ ರಕ್ತನಾಳಗಳು ಮತ್ತೆ ಬಿಗಿಯುತ್ತವೆ. ಸ್ವಿಟ್ಜರ್ಲೆಂಡ್-ಕೆನಡಾ ಸಂಶೋಧಕರು 2021ರಲ್ಲಿ 'ನೇಚರ್'ನಲ್ಲಿ ಇದನ್ನು ಪ್ರಕಟಿಸಿದರು. ಆದರೆ ಬಿಪಿಗಾಗಿ ಇದು ಮಾಮೂಲಿ ಚಿಕಿತ್ಸೆಯಲ್ಲ, ಪ್ರಯೋಗದ ಹಂತ. ನೋವಿಗೆ ಹಾಕುವ ಸ್ಟಿಮ್ಯುಲೇಟರನ್ನೇ ಬಿಪಿಯದ್ದು ಅಂತ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ತಂತಿ ಜರುಗಿದರೆ ಪರಿಣಾಮ ತಪ್ಪಿಹೋಗುತ್ತದೆ, ಸೋಂಕಾದರೆ ಎಲ್ಲವನ್ನೂ ತೆಗೆಯಬೇಕಾಗಬಹುದು.

ಉತ್ತರ (ಠಾಣೆ, ಫಿಸಿಯೋ): ಅಷ್ಟರವರೆಗೆ, ಹೊಟ್ಟೆಯ ಬೈಂಡರ್ (ಬಿಗಿಯಾಗಿ ಸುತ್ತುವ ಅಗಲ ಪಟ್ಟಿ) ಮಲಗಿದ್ದಾಗಲೇ ಕಟ್ಟಿ. ಕೂತಮೇಲೆ ಕಟ್ಟಿದರೆ ರಕ್ತ ಆಗಲೇ ಇಳಿದಿರುತ್ತದೆ. ಹಾಸಿಗೆಯ ತಲೆಭಾಗ 30 ಡಿಗ್ರಿ, ಆಮೇಲೆ 60, ಪ್ರತಿ ಹಂತದಲ್ಲೂ 5 ನಿಮಿಷ ತಡೆದು ಬಿಪಿ ನೋಡಿ. ಕಣ್ಣು ಮಂಜಾದರೆ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ. ವೈದ್ಯರು ಮಿಡೋಡ್ರಿನ್ (ಬಿಪಿ ಏರಿಸುವ ಗುಳಿಗೆ) ಬರೆದಿದ್ದರೆ ಕೊನೆಯ ಗುಳಿಗೆ ಮಲಗುವ 4 ಗಂಟೆ ಮುಂಚೆಯೇ ಮುಗಿಯಲಿ. ಗಾಯದ ಕೆಳಗೆ ಬೆವರದ ಮೈಗೆ ಮುಂಬೈಯ ಮೇ ಧಗೆಯಲ್ಲಿ ಬಿಪಿ ಇನ್ನೂ ಇಳಿಯುತ್ತದೆ, ಒದ್ದೆ ಬಟ್ಟೆ ಹತ್ತಿರವಿರಲಿ.

ಪ್ರಶ್ನೆ ಕೇಳಿದವರು: ಒಮ್ಮೊಮ್ಮೆ ಬಿಪಿ ಏರಿ ತಲೆ ಸಿಡಿಯುತ್ತದೆ, ಮುಖ ಕೆಂಪು.

ಉತ್ತರ (ಪುಣೆ): ಆಗ ಮಲಗಿಸಲೇಬೇಡಿ! ಗಾಯದ ಕೆಳಗಿನ ಯಾವುದೋ ತೊಂದರೆ ಬಿಪಿಯನ್ನು ಹೀಗೆ ಏರಿಸುತ್ತದೆ. ನೇರ ಕೂರಿಸಿ, ಬೈಂಡರ್ ಬಿಚ್ಚಿ, ಕ್ಯಾಥೆಟರ್ ನಳಿಕೆ ತೊಡೆಯಡಿ ಮಡಚಿದೆಯೇ ನೋಡಿ. ಆಮೇಲೆ ಮಲಬದ್ಧತೆ, ಒತ್ತುಹುಣ್ಣು ಇವೆಯೇ ನೋಡಿ. ಇಳಿಯದಿದ್ದರೆ ತಕ್ಷಣ ಆಸ್ಪತ್ರೆ.