ಸಹಾಯ ಬೇಕು: ಡೇಟಮ್ ಪಕ್ಕದಲ್ಲೂ ವೃತ್ತದೊಳಗೆ ಎಂ ಇದ್ದರೆ ಲೆಕ್ಕ ಹೇಗೆ?

ಫ್ಲ್ಯಾಂಜ್ ಡ್ರಾಯಿಂಗ್‌ನಲ್ಲಿ 10 ಎಂಎಂ ತೂತು ನಾಲ್ಕು, +0.1/0. ಪೊಸಿಷನ್ ಟಾಲರೆನ್ಸ್ (ತೂತಿನ ಕೇಂದ್ರ ಇರಬೇಕಾದ ವಲಯ) ವ್ಯಾಸ 0.2, ಪಕ್ಕದಲ್ಲಿ ವೃತ್ತದೊಳಗೆ ಎಂ, ಅಂದರೆ ಈ ಮಿತಿ ತೂತು ಅತಿ ಚಿಕ್ಕದಿದ್ದಾಗಿನದು, ತೂತು ದೊಡ್ಡದಾದಷ್ಟು ಮಿತಿಗೆ ಬೋನಸ್ ಸೇರುತ್ತೆ. ಡೇಟಮ್ (ಅಳತೆಗೆ ಆಧಾರ) ಎ ಮುಖ, ಬಿ ನಡುವಿನ 40 ಎಚ್7 ಬೋರ್ (ಕನಿಷ್ಠ ವ್ಯಾಸ 40.00), ಸಿ ಕೀವೇ (ಕೀ ಕೂರುವ ಗಾಡಿ, ತಿರುಗದಂತೆ ಹಿಡಿಯೋದು). ಬಿ ಪಕ್ಕದಲ್ಲೂ ಅದೇ ಎಂ ಇದೆ, ತಲೆನೋವು ಇದರದ್ದೇ.

ಮೂರನೇ ತೂತು 10.06 ಬಂದಿದೆ. ಸಿಎಂಎಂನಲ್ಲಿ (ಕೋಆರ್ಡಿನೇಟ್ ಅಳತೆ ಯಂತ್ರ) ಎಕ್ಸ್ 0.11, ವೈ 0.09 ಸರಿದಿದೆ, ಅಂದರೆ ಪೊಸಿಷನ್ (ಸರಿದ ದೂರದ ಎರಡು ಪಟ್ಟು) 0.284. ಬೋನಸ್ 0.06 ಸೇರಿಸಿದರೂ ಮಿತಿ 0.26 ಅಷ್ಟೇ. ಉಳಿದ ಮೂರು ಪಾಸ್. ಆದರೆ ಒಂದನೇ ತೂತು ನೇರ ಎದುರು ದಿಕ್ಕಿಗೆ ಸರಿದು, 0.25 ಮಿತಿಗೆ 0.242ರಲ್ಲಿ ನಿಂತಿದೆ.

ಬೋರ್ ಅಳತೆ 40.018. ಎ ಮುಖಕ್ಕೆ ಬೋರಿನ ಲಂಬತೆ ಟಾಲರೆನ್ಸ್ 0.02 ಇರೋದರಿಂದ 40.00ರಲ್ಲಿ ಅದನ್ನು ಕಳೆದು 39.98ರಿಂದ ಹಿಡಿದರೆ, ಬಿ ಪಕ್ಕದ ಎಂ ಕೊಡೋ ಸಡಿಲ ಗರಿಷ್ಠ 0.038. ಅದನ್ನೂ ಮಿತಿಗೆ ಕೂಡಿಸಿ 0.298, ಪಾಸ್ ಮಾಡಿ ಅನ್ನೋದು ಕ್ವಾಲಿಟಿಯವರ ವಾದ. ನನಗೆ ಒಪ್ಪಿಗೆಯಾಗ್ತಿಲ್ಲ. ಮೂರನೇದನ್ನು ಒಳಗೆ ತಂದರೆ ಒಂದನೇದು ಹೊರಗೆ ಹೋಗುತ್ತಲ್ಲ? ಸಿಎಂಎಂನಲ್ಲಿ ಬೆಸ್ಟ್ ಫಿಟ್ (ನಾಲ್ಕೂ ತೂತಿಗೆ ಚೆನ್ನಾಗಿ ಹೊಂದುವಂತೆ ಸಾಫ್ಟ್‌ವೇರ್ ಸರಿಸೋದು) ಹಾಕಿದೆ, ನಾಲ್ಕೂ ಪಾಸ್ ಅಂತ ಬಂತು. ಆದರೆ ಅದು ಕೀವೇ ಹಿಡಿತ ಬಿಟ್ಟು ಪ್ಯಾಟರ್ನನ್ನೇ ತಿರುಗಿಸಿಬಿಟ್ಟಿತ್ತು. ಭಾಗವನ್ನು ಕೂರಿಸಿ ನೋಡೋ ಫಂಕ್ಷನಲ್ ಗೇಜ್ ಇಲ್ಲ.

ಈ 0.038 ಅನ್ನು ಪ್ರತಿ ತೂತಿಗೂ ಬೇರೆ ಬೇರೆಯಾಗಿ ಸೇರಿಸಬಹುದಾ, ಇಲ್ಲ ನಾಲ್ಕನ್ನೂ ಒಟ್ಟಿಗೇ 0.019 (0.038ರ ಅರ್ಧ) ಒಳಗೆ ಸರಿಸಿ ನೋಡಬೇಕಾ? ಎರಡನೇದೇ ಸರಿ ಅಂದರೆ, ತಿರುಗಿಸುವಿಕೆ ಲಾಕ್ ಮಾಡಿ ಸಿಎಂಎಂ ವರದಿಯಲ್ಲಿ ತೋರಿಸೋದು ಹೇಗೆ?